ಜಿಂಕೆಗಳಿಗೆ ಮೂಲಂಗಿ ಔತಣ

ನಮ್ಮ ಮಲೆನಾಡಿನಲ್ಲಿ ಜಿಂಕೆ, ಹಂದಿ ಗದ್ದೆಗೆ ಇಳಿಯದಿರಲಿ ಎಂದು ರೈತ ರಾತ್ರಿಯಿಡೀ ಮಾಳದಲ್ಲಿ ಕೂತು ಡಬ್ಬ ಬಡಿಯುತ್ತಾನೆ. ಅಮೆರಿಕದ ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಕಡೆಯೂ ಹೊಲದಂಚಿನ ಮರಕ್ಕೆ ಅಟ್ಟಣೆ ಕಟ್ಟಿ ಕೂರುವವರಿದ್ದಾರೆ. ಆದರೆ ಇವರು ಸದ್ದು ಮಾಡುವುದಿರಲಿ, ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ. ಜಿಂಕೆ ಬರಲಿ ಎಂದೇ ನೆಲ ಹದಮಾಡಿ, ಗೊಬ್ಬರ ಹಾಕಿ, ಮೂಲಂಗಿ ಬೆಳೆದಿದ್ದಾರೆ!

ಪುಣ್ಯಾತ್ಮರು ಎಂದುಕೊಳ್ಳುವ ಮೊದಲು ಕೈಯಲ್ಲೇನಿದೆ ಎಂದು ನೋಡಬೇಕು. ಡಬ್ಬ ಇರಬೇಕಾದಲ್ಲಿ ಕೋವಿ ಇದೆ. ನಮ್ಮಲ್ಲಿ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆಯ ಮೇಲೆ ಕೋವಿ ಎತ್ತಿದರೆ ಜೈಲು; ಅಲ್ಲಿ ಪರವಾನಗಿ ಪಡೆದು ಶರತ್ಕಾಲದಲ್ಲಿ ಬೇಟೆಯಾಡಬಹುದು. ಮಿತಿಯಿಲ್ಲದ ಬೇಟೆಯಿಂದ ಒಂದು ಕಾಲಕ್ಕೆ ಕೆಲವೇ ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆ, ಕಾನೂನಿನ ಕಾವಲಿನಲ್ಲಿ ಈಗ ಕೋಟಿಗಳಲ್ಲಿದೆ. ಪಕ್ಕದ ಹೊಲದ ಸೋಯಾ ರೈತ ಅದಕ್ಕೆ ಹಿಡಿಶಾಪ ಹಾಕುತ್ತಿದ್ದರೆ, ಈಚೆಯವನು ಎಲೆ ಹಾಕಿ ಕಾಯುತ್ತಾನೆ. ಹರಕೆಯ ಕುರಿಗೂ ಇಷ್ಟು ಉಪಚಾರ ನಡೆಯುವುದಿಲ್ಲ.

ಬಿತ್ತುವುದು ಉದ್ದನೆಯ ಬಿಳಿ ಮೂಲಂಗಿ. ಜುಲೈ ಕೊನೆಯಿಂದ ಆಗಸ್ಟ್‌ನೊಳಗೆ, ಎಕರೆಗೆ ಸುಮಾರು ನಾಲ್ಕು ಕಿಲೋ ಬೀಜ ಚೆಲ್ಲಿ ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು. ಬೆಳೆಯೇನೋ ಬೇಗ ಎದ್ದು ನಿಲ್ಲುತ್ತದೆ. ಅತಿಥಿಗಳು ಮಾತ್ರ ಕೆಲವು ಕಡೆ ಮೊದಲ ವರ್ಷ ಮೂಸಿ ನೋಡಿ ಮುಂದೆ ಹೋಗುತ್ತಾರೆ. ತಟ್ಟೆಯಂಚಿಗೆ ಹೋಳು ಸರಿಸುವ ಮಕ್ಕಳನ್ನು ಸಾಕಿದ ತಾಯಂದಿರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ರುಚಿ ಹತ್ತಿದ ಮೇಲೆ, ಅದರಲ್ಲೂ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದ ಮೇಲೆ, ಸೊಪ್ಪು ಉಳಿಯುವುದಿಲ್ಲ. ಚಳಿಗಾಲದಲ್ಲಿ ಗೊರಸಿನಿಂದ ಹಿಮ ಕೆದರಿ ಗೆಡ್ಡೆಯನ್ನೂ ಕಡಿಯುತ್ತವೆ.

ಉಳಿದ ಗೆಡ್ಡೆ? ಅದರ ನಿಜವಾದ ಕಸುಬು ಶುರುವಾಗುವುದೇ ಆಗ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮಣ್ಣುವಿಜ್ಞಾನಿ ರೇ ವೀಲ್ ಮತ್ತು ಸಂಗಡಿಗರು ಈ ಮೂಲಂಗಿಯ ಬೇರಿನ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಟ್ರ್ಯಾಕ್ಟರ್ ತುಳಿದು ಗಟ್ಟಿಯಾದ ನೆಲವನ್ನು ಅದು ಸೀಳಿಕೊಂಡು ಇಳಿಯುತ್ತದೆ. ಮಳೆನೀರಿನಲ್ಲಿ ಕೊಚ್ಚಿಹೋಗಬೇಕಿದ್ದ ಸಾರಜನಕವನ್ನು ಹೀರಿಟ್ಟುಕೊಳ್ಳುತ್ತದೆ. ಕಡುಚಳಿಗೆ ಸತ್ತು ಕೊಳೆತಾಗ ಸಾರ ಮಣ್ಣಿಗೆ ಮರಳುತ್ತದೆ, ಗೆಡ್ಡೆಯಿದ್ದಲ್ಲಿ ತೂತು ಉಳಿಯುತ್ತದೆ. ಮುಂದಿನ ಬೆಳೆಯ ಬೇರಿಗೆ ಅದೇ ದಾರಿ, ನೀರಿಗೂ ಅದೇ ದಾರಿ. ಗುದ್ದಲಿಯಿಲ್ಲ, ಡೀಸೆಲ್ಲಿಲ್ಲ, ಕೂಲಿಯೂ ಇಲ್ಲ.

ವಾಸನೆಯೊಂದು ಇದೆ. ಮೂಲಂಗಿ ಹುಳಿ ಕುದಿಯುವಾಗ ಕಿಟಕಿ ತೆರೆಯುವ ನಮಗೆ, ಎಕರೆಗಟ್ಟಲೆ ಕೊಳೆತರೆ ಹೇಗಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಗ್ಯಾಸ್ ಸೋರುತ್ತಿದೆಯೆಂದು ಗಾಬರಿಯಾದವರೂ ಉಂಟು.

ಮೂಲಂಗಿಯನ್ನು ತೀರಾ ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಬೇರಿನೊಡನೆ ಬಾಳುವ ಉಪಕಾರಿ ಶಿಲೀಂಧ್ರಗಳಿಗೆ ಅದು ಮನೆ ಕೊಡುವುದಿಲ್ಲ. ವರ್ಷವರ್ಷವೂ ಅದೇ ಜಾಗದಲ್ಲಿ ಬಿತ್ತಿದರೆ ರೋಗ ನೆಲೆಯೂರುತ್ತದೆ. ಅದಕ್ಕೇ ಓಟ್ಸ್, ಕ್ಲೋವರ್ ಜೊತೆ ಬೆರೆಸಿ, ಜಾಗ ಬದಲಿಸಿ ಬಿತ್ತುತ್ತಾರೆ.

ಏನೇ ಆದರೂ, ಈ ಬೆಳೆಯಲ್ಲಿ ನಷ್ಟದ ಲೆಕ್ಕ ಬರೆಯುವುದು ಕಷ್ಟ. ಜಿಂಕೆ ತಿಂದರೆ ಬೇಟೆಗಾರನಿಗೆ ಲಾಭ, ಹಿಕ್ಕೆ ಹಾಕಿದರೆ ಹೊಲಕ್ಕೆ ಲಾಭ, ತಿನ್ನದೆ ಬಿಟ್ಟರೆ ಪೂರ್ತಿ ಮಣ್ಣಿಗೇ ಲಾಭ. ಜಿಂಕೆಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದಂತಿಲ್ಲ.