ಕೌದಿ ಹೊಲಿಯುವವರ ಕೈಪಿಡಿ: ಬೆಲೆಯೇರಿಕೆಯ ಕಾಲಕ್ಕೆ ತಿದ್ದಿದ ಆವೃತ್ತಿ

ಬೇಕಾಗುವ ಸಾಮಾನು: ಉದ್ದನೆಯ ಸೂಜಿ, ಗಟ್ಟಿ ದಾರ, ಮಧ್ಯಾಹ್ನದ ಬಿಡುವು, ಹಳೇ ಸೀರೆ. ಮೊದಲ ಮೂರು ಹೇಗೋ ಸಿಗುತ್ತವೆ. ಕೈಪಿಡಿ ಬರೆಯಬೇಕಾಗಿ ಬಂದದ್ದು ನಾಲ್ಕನೆಯದರಿಂದ.

ಹಂತ 1. ಅರಳೆ ಧಾರಣೆ ನೋಡಿ. 2022ರ ಮೇ ತಿಂಗಳಲ್ಲಿ ಒಂದು ಕ್ಯಾಂಡಿ, ಅಂದರೆ 356 ಕಿಲೋ ಅರಳೆ ಲಕ್ಷ ರೂಪಾಯಿ ದಾಟಿತ್ತು. ನೂಲಿನ ಗಿರಣಿಯವರು ತಲೆ ಮೇಲೆ ಕೈ ಹೊತ್ತು ಕೂತರು. ಕೌದಿಗೇನು, ಅದು ಹಳೇ ಬಟ್ಟೆಯದು ಎಂದು ನಿಶ್ಚಿಂತೆಯಿಂದ ಇರಬೇಡಿ. ಹೊಸದು ತುಟ್ಟಿಯಾದರೆ ಮನೆಯಲ್ಲಿ ಯಾವುದೂ ಹಳೆಯದಾಗುವುದಿಲ್ಲ.

ಹಂತ 2. ಸೀರೆ ಕೇಳಿ. ಇಳಕಲ್ಲಿನ ನೂಲಿನ ಸೀರೆಯಾದರೆ ಉತ್ತಮ. ಉಟ್ಟು ಒಗೆದು ಮೆತ್ತಗಾಗಿರುತ್ತದೆ, ದಡಿ ಮಾತ್ರ ಗಟ್ಟಿ ಉಳಿದಿರುತ್ತದೆ. ಸಂಭಾಷಣೆ ಹೀಗೆ ಸಾಗುತ್ತದೆ:

“ಅತ್ತಿ, ಈ ಸೀರಿ ಹರದೈತಲ್ರಿ?”

“ಎಲ್ಲಿ ಹರದೈತಿ? ನಿರಿಗಿ ಹಿಡದ್ರ ಕಾಣೂದಿಲ್ಲ.”

ವಾದಿಸಬೇಡಿ. ನಿರಿಗೆಯೊಳಗೆ ಎಷ್ಟು ತೂತು ಹಿಡಿಸುತ್ತವೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನಿಮ್ಮ ನಿಜವಾದ ಎದುರಾಳಿ ಹಳೇ ಬಟ್ಟೆಗೆ ಸ್ಟೀಲ್ ಬಾಂಡೆ ಕೊಡುವಾಕೆ. ಆಕೆ ಕಟ್ಟೆಯ ಮೇಲೆ ಕೂತು ಸೀರೆಯನ್ನು ಬಿಸಿಲಿಗೆ ಹಿಡಿದು, ಮೊಳ ಮೊಳ ಸರಿಸಿ ನೋಡಿ, ಪಿಸಿದದ್ದನ್ನು ಪಕ್ಕಕ್ಕೆಸೆಯುತ್ತಾಳೆ. ಎಸೆದದ್ದು ನಿಮ್ಮದು. ಡಬ್ಬಿಯ ಚೌಕಾಸಿ ಮುಗಿಯುವ ಮುಂಚೆ ಎತ್ತಿಟ್ಟುಕೊಳ್ಳಿ.

ಹಂತ 3. ಪರೀಕ್ಷೆ. ಸೆರಗಿನ ತುದಿಯ ಒಂದೆಳೆ ಕಿತ್ತು ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ; ಕರಗಿ ಮಣಿಯಾದರೆ ಪಾಲಿಸ್ಟರ್. ಅತ್ತೆ ಮಲಗಿದ್ದಾಗ ಮಾಡುವುದು ಕ್ಷೇಮ. ಪಾಲಿಸ್ಟರ್ ಅಗ್ಗ, ಆದರೆ ಬೆವರು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತದೆ. ಅದು ಹಳೆಯದಾಗಲಿ ಎಂದು ಕಾಯುವುದೂ ದಂಡ. ಅದಕ್ಕೆ ಮುಪ್ಪಿಲ್ಲ, ನಿಮಗಿದೆ.

ಹಂತ 4. ಹೊಲಿಯಿರಿ. ತುಂಡು ಚಿಕ್ಕದಾಯಿತೆಂಬ ಚಿಂತೆ ಬೇಡ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿ: ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಅಂಗೈಯಗಲದ ಚೂರೂ ಹಾದಿಯಲ್ಲಿ ಎಲ್ಲೋ ಕೂತುಬಿಡುತ್ತದೆ. ಮೂಲೆಗೆ ಮಡಚಿದ ಮುಕ್ಕೋನದ ಹೂವು ಕಡ್ಡಾಯ. ಉಳಿತಾಯದ ಹೆಸರಲ್ಲಿ ಅದನ್ನು ಬಿಡಬಾರದು.

ಎಚ್ಚರಿಕೆ: ಹೊಸ ಬಟ್ಟೆ ಕೊಂಡು, ಕತ್ತರಿಸಿ ಚೂರು ಮಾಡಿ, ಮತ್ತೆ ಕೂಡಿಸಿ ಕೌದಿ ಎಂದು ಮಾರುವ ಅಂಗಡಿಗಳು ಬೆಂಗಳೂರಿನಲ್ಲಿವೆ. ಅಲ್ಲಿ ಬೆಲೆಚೀಟಿ ಓದಬೇಡಿ. ಓದಿದರೆ ಮನೆಗೆ ಬಂದು ನಿಮ್ಮ ಕೌದಿಯ ಮೇಲೆ ಮಲಗಲು ಸಂಕೋಚವಾಗುತ್ತದೆ.

ತೊಂದರೆ ಮತ್ತು ಪರಿಹಾರ

ಕೌದಿ ಹರಿದಿದೆ: ಬಿಸಾಡಬೇಡಿ. ಅದನ್ನೇ ಒಳಗಿಟ್ಟು ಹೊಸದನ್ನು ಹೊಲಿಯಿರಿ.

ಭಾರ ಹೆಚ್ಚಾಗಿದೆ: ಮಾನೌಮಿಗೆ ಮುಂಚೆ ಹೊಳೆಗೆ ಒಯ್ದಾಗ ಹಿಂಡಲು ಗಂಡನನ್ನೂ ಕರೆದೊಯ್ಯಿರಿ.

ಅತ್ತೆ ತಮ್ಮ ಸೀರೆಯ ಗುರುತು ಹಿಡಿದಿದ್ದಾರೆ: ಇವತ್ತು ರಾತ್ರಿ ಚಳಿ ಜಾಸ್ತಿ ಎನ್ನುತ್ತ ಅವರಿಗೇ ಹೊದಿಸಿ.