ರಿಮೋಟ್ ಮೀಮಾಂಸೆ

ಕನ್ನಡದ ವಿದ್ವತ್ತು ಒನಕೆ, ಬೀಸುಕಲ್ಲು, ಸೇರು, ಪಾವುಗಳನ್ನೆಲ್ಲ ಕೈಗೆತ್ತಿಕೊಂಡು ನೋಡಿದೆ. ಶಾಸನದಲ್ಲಿ ಒಂದು ಕೊಂಬು ಹೆಚ್ಚಾಗಿದ್ದರೆ ಆ ಕೊಂಬಿನ ಮೇಲೆ ಮೂವತ್ತು ಪುಟ ಬರೆಯಬಲ್ಲವರು ನಮ್ಮಲ್ಲಿದ್ದಾರೆ. ಆದರೆ ಮನೆಮಂದಿಯೆಲ್ಲ ದಿನಾ ಕಿತ್ತಾಡುವ, ಕಾಣದಿದ್ದರೆ ಸೋಫಾದ ದಿಂಬುಗಳನ್ನೆಲ್ಲ ಎತ್ತೆಸೆದು ಹುಡುಕುವ ವಸ್ತುವಿನ ಮೇಲೆ ಒಂದು ಎಂ.ಫಿಲ್. ಕೂಡ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆಯನ್ನು ನೀಗಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. (ವಿನಮ್ರ ಎನ್ನುವುದು ಪ್ರಬಂಧಗಳ ಸಂಪ್ರದಾಯ. ಈ ವಿಷಯದಲ್ಲಿ ನನಗೆ ಯಾವ ವಿನಯವೂ ಇಲ್ಲ.)

ಪ್ರಬಂಧದ ವ್ಯಾಪ್ತಿ, ನಮ್ಮ ನಡುಮನೆ. ಮಿತಿ, ಕರೆಂಟು. ಕ್ಷೇತ್ರಕಾರ್ಯವನ್ನು ಸೋಫಾದ ಮೇಲೆ, ಹೆಚ್ಚಿನಂಶ ಮಲಗಿಕೊಂಡೇ ನಡೆಸಲಾಗಿದೆ. ವಕ್ತೃಗಳು ಮೂವರು: ನನ್ನ ಹೆಂಡತಿ, ತಿಪಟೂರಿನಿಂದ ಬಂದಿರುವ ನಮ್ಮತ್ತೆ, ಮತ್ತು ಪಿಯುಸಿ ಓದುತ್ತಿರುವುದಾಗಿ ಹೇಳಿಕೊಳ್ಳುವ ಮಗ. ಪ್ರಮೇಯ ಇಷ್ಟೇ: ರಿಮೋಟು ಹುಟ್ಟಿದ್ದು ನೋಡುವವನ ಆಯುಧವಾಗಿ, ಈಗ ಅದು ನೋಡುವವನಿಗೇ ಹಾಕಿದ ಮೂಗುದಾರ. ಇದನ್ನು ಒಪ್ಪದವರನ್ನು ಇಲ್ಲಿ ಪೂರ್ವಪಕ್ಷಿಗಳೆಂದು ಕರೆಯಲಾಗುವುದು. ಅವರಿಗೆ ಉತ್ತರಿಸಲು ಅವಕಾಶವಿರುವುದಿಲ್ಲ.

ಉತ್ಪತ್ತಿ ಪ್ರಕರಣ

ಅಮೆರಿಕದ ಷಿಕಾಗೊದಲ್ಲಿ ಝೆನಿತ್ ಎಂಬ ಕಂಪನಿಯಿತ್ತು. ಅದರ ಯಜಮಾನ ಯೂಜೀನ್ ಮೆಕ್‌ಡೊನಾಲ್ಡನಿಗೆ ಜಾಹೀರಾತು ಕಂಡರಾಗದು. ಟಿ.ವಿ. ಮಾರಿ ಬದುಕುವವನಿಗೆ ಇಂಥ ಅಸಹ್ಯ ಹೇಗೆ ಬಂತೋ, ಅಂಥ ಯಜಮಾನರು ಮತ್ತೆ ಹುಟ್ಟಲಿಲ್ಲ. 1950ರಲ್ಲಿ ಆ ಕಂಪನಿ ‘ಲೇಜಿ ಬೋನ್ಸ್’ ಎಂಬ ರಿಮೋಟು ತಂದಿತು. ಟಿ.ವಿ.ಯಿಂದ ಕೈಯವರೆಗೆ ಉದ್ದನೆಯ ವೈರು, ಓಡಾಡುವವರೆಲ್ಲ ಎಡವಿದರು. 1955ರಲ್ಲಿ ಯೂಜೀನ್ ಪಾಲಿ ಎಂಬ ಎಂಜಿನಿಯರ್ ವೈರು ಕಿತ್ತು, ಪಿಸ್ತೂಲಿನ ಆಕಾರದ ಟಾರ್ಚು ಕೊಟ್ಟ. ಟಿ.ವಿ.ಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕಣ್ಣುಗಳು. ಒಂದು ಮೂಲೆಗೆ ಗುರಿಯಿಟ್ಟರೆ ಚಾನೆಲ್ ಬದಲು, ಇನ್ನೊಂದಕ್ಕಿಟ್ಟರೆ ಸದ್ದು ಬಂದ್. ‘ಫ್ಲ್ಯಾಶ್‌ಮ್ಯಾಟಿಕ್’ ಎಂದು ಅದರ ಹೆಸರು. ಕಿಟಕಿಯಿಂದ ಬಿಸಿಲು ಬಿದ್ದರೆ ಟಿ.ವಿ. ತಾನೇ ಚಾನೆಲ್ ಬದಲಿಸಿಕೊಳ್ಳುತ್ತಿತ್ತೆಂಬುದು ಒಂದೇ ದೋಷ.

ಮರುವರ್ಷ ರಾಬರ್ಟ್ ಆಡ್ಲರ್ ತಂದ ‘ಸ್ಪೇಸ್ ಕಮಾಂಡ್’ ಈ ಪರಂಪರೆಯ ಶಿಖರ. ಅದಕ್ಕೆ ಸೆಲ್ಲೇ ಬೇಡ. ಗುಂಡಿ ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ಅಲ್ಯುಮಿನಿಯಂ ಸರಳಿಗೆ ಬಡಿಯುತ್ತದೆ, ಮನುಷ್ಯನ ಕಿವಿಗೆ ನಿಲುಕದ ನಾದ ಹೊರಡುತ್ತದೆ, ಟಿ.ವಿ. ಕೇಳಿಸಿಕೊಂಡು ಪಾಲಿಸುತ್ತದೆ. ಯಾರಾದರೂ ಕೀಗೊಂಚಲು ಝಣ್ ಎನಿಸಿದರೂ ಕೆಲವೊಮ್ಮೆ ಪಾಲಿಸುತ್ತಿತ್ತು, ಇರಲಿ. ಗೋಡೆ ಗಡಿಯಾರದ ಸೆಲ್ ಕಿತ್ತು ರಿಮೋಟಿಗೆ ಹಾಕಿ, ಸಂಜೆಯೆಲ್ಲ ನಾಲ್ಕೂ ಹತ್ತರಲ್ಲೇ ಬದುಕಿದ ನಮ್ಮಂಥವರಿಗೆ ಇದರ ಬೆಲೆ ಗೊತ್ತು.

ಗಮನಿಸಬೇಕಾದ್ದು, ಈ ಸಂಶೋಧನೆಗಳ ಹಿಂದಿದ್ದ ಆಸೆ ಜಾಹೀರಾತಿನ ಬಾಯಿ ಮುಚ್ಚಿಸುವುದು. ಈಗ ಹೊಸ ಟಿ.ವಿ.ಯ ರಿಮೋಟ್ ತೆಗೆದು ನೋಡಿ. ಅಂಕಿಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಕೆಂಪು, ನೀಲಿ, ಬಿಳಿ ಬಣ್ಣದ ಅಗಲವಾದ ಗುಂಡಿಗಳು. ಒಂದೊಂದರ ಮೇಲೂ ತಿಂಗಳ ಬಾಡಿಗೆ ಕೇಳುವ ಒಂದೊಂದು ಆ್ಯಪಿನ ಹೆಸರು. ಆ ಜಾಗಕ್ಕೆ ಆ್ಯಪಿನವರು ದುಡ್ಡು ಕೊಡುತ್ತಾರೆ. ಜಾಹೀರಾತಿನ ಬಾಯಿ ಮುಚ್ಚಿಸಲು ಹುಟ್ಟಿದ್ದರ ಮೈಮೇಲೇ ಜಾಹೀರಾತು ಅಚ್ಚೊತ್ತಿದ್ದಾರೆ, ಅದನ್ನು ನಾವು ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನ ಮಾಡುತ್ತಿದ್ದೇವೆ.

ಕಾಲನಿರ್ಣಯ

ಪೂರ್ವ ರಿಮೋಟ್ ಯುಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. 1987ರ ಜನವರಿ 25ರಂದು ‘ರಾಮಾಯಣ’ ಶುರುವಾಯಿತು, ಜನ ಟಿ.ವಿ.ಗೆ ಹಾರ ಹಾಕಿದರು, ಬೀದಿ ಖಾಲಿಯಾಯಿತು, ತಾರಸಿಯ ಮೇಲೆ ಒಬ್ಬ ಆಂಟೆನಾ ತಿರುಗಿಸುತ್ತ “ಬಂತಾ?” ಎಂದ, ಕೆಳಗಿನಿಂದ ಇನ್ನೊಬ್ಬ “ಹೋಯ್ತು, ಹೋಯ್ತು, ಮೊದಲಿದ್ದ ಹಾಗೇ ಇಡೋ!” ಎಂದ. ಆ ಕಾಲವೇ ಚೆನ್ನಾಗಿತ್ತು ಎನ್ನುವವರು ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಹಲಗೆಯನ್ನು ಅರ್ಧ ಗಂಟೆ ಭಕ್ತಿಯಿಂದ ನೋಡಿದ್ದನ್ನು ಮರೆತಿದ್ದಾರೆ. ‘ಮಾಲ್ಗುಡಿ ಡೇಸ್’ ಚೆನ್ನಾಗಿತ್ತು; ಅದರ ನೆಪದಲ್ಲಿ ಕಾಲವನ್ನೇ ಹೊಗಳುವುದು ಅಪಸಿದ್ಧಾಂತ. ಗೊಬ್ಬರ ಹಾಕುವ ಕ್ರಮವನ್ನು ನಾವು ಪೇಟೆಯಲ್ಲಿ ಕೂತು ನೋಡಿದ್ದು ಕೃಷಿಯ ಮೇಲಿನ ಪ್ರೀತಿಯಿಂದಲ್ಲ.

1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಬೆರಳಿಗೆ ಕೆಲಸ ಹುಟ್ಟಿತು. ಅಲ್ಲಿಂದ ಮುಂದಿನದನ್ನು ಗುಂಡಿಯುಗ ಎನ್ನಬಹುದು. ಅದರ ಪತನ ಯಾವಾಗ ಶುರುವಾಯಿತು? 2019ರ ಫೆಬ್ರುವರಿಯಲ್ಲಿ ಎಂಬುದು ನನ್ನ ನಿಲುವು. ಆಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊಸ ನಿಯಮ ತಂದು, ನೂರು ಚಾನೆಲ್ಲುಗಳಿಗೆ ತೆರಿಗೆ ಬಿಟ್ಟು 130 ರೂಪಾಯಿ, ಅದರಾಚೆ ಬೇಕಾದ್ದನ್ನು ನೀವೇ ಆರಿಸಿ, ಆರಿಸಿದ್ದಕ್ಕೆ ಮಾತ್ರ ಕಾಸು ಕೊಡಿ ಎಂದಿತು. ಪ್ರೇಕ್ಷಕನಿಗೆ ಇಷ್ಟು ಅಧಿಕಾರ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಕೇಬಲಿನ ಹುಡುಗ ಉದ್ದನೆಯ ಪಟ್ಟಿ ತಂದು ಟೀಪಾಯಿಯ ಮೇಲೆ ಹರವಿದ. ನಮ್ಮ ಮನೆಯಲ್ಲಿ ಪೆನ್ನು ಹಿಡಿದು ಮಹಾಚರ್ಚೆ ನಡೆಯಿತು. ಒಂದು ಗಂಟೆಯಾದ ಮೇಲೆ ನನ್ನ ಹೆಂಡತಿ ಪಟ್ಟಿ ಮಡಚಿ ಅವನ ಕೈಗಿಟ್ಟು, “ಎಲ್ರೂ ಏನ್ ಹಾಕಿಸ್ಕೊಂಡಿದಾರೋ ಅದೇ ಪ್ಯಾಕ್ ಹಾಕ್ಬಿಡಪ್ಪ” ಎಂದಳು. ಪ್ರಜಾಪ್ರಭುತ್ವ ಕುರಿತ ಗ್ರಂಥಗಳಲ್ಲಿ ಈ ವಾಕ್ಯಕ್ಕೆ ಸ್ಥಾನ ಸಿಗಬೇಕು.

ಶಾಸನ ಪರಿಶೀಲನೆ

ಇನ್ನು ಮೂಲವಸ್ತುವಿಗೆ ಬರೋಣ. ಅಭ್ಯಾಸಕ್ಕೆ ತೆಗೆದುಕೊಂಡದ್ದು ನಮ್ಮ ಮನೆಯ ಸೆಟ್‌ಟಾಪ್ ಬಾಕ್ಸಿನ ರಿಮೋಟು. ಹೊರಮೈಗೆ ಪ್ಲಾಸ್ಟಿಕ್ ಕವರು. ಕವರಿನ ಒಳಗಡೆಯೂ ಧೂಳು ಹೇಗೆ ಸೇರಿತೆಂಬುದು ಪ್ರತ್ಯೇಕ ಸಂಶೋಧನೆಯ ವಸ್ತು. ಸೆಲ್ಲಿನ ಮುಚ್ಚಳ ಲುಪ್ತ. ಅದರ ಬದಲು ತರಕಾರಿ ಕಟ್ಟಿಗೆ ಹಾಕಿ ಬಂದಿದ್ದ ರಬ್ಬರ್ ಬ್ಯಾಂಡು. ಲಿಪಿ ಅಲ್ಲಲ್ಲಿ ತ್ರುಟಿತ. ಸದ್ದು ಏರಿಸುವ ಗುಂಡಿಯ ಕೂಡುಚಿಹ್ನೆ ಪೂರ್ತಿ ಅಳಿದಿದೆ, ಇಳಿಸುವ ಗುಂಡಿಯ ಕಳೆಚಿಹ್ನೆ ಅಚ್ಚಳಿಯದೆ ಇದೆ. ಮಿಕ್ಸಿ, ಕುಕ್ಕರು ಮತ್ತು ಸೊಸೆ ಅಳುವ ದೃಶ್ಯ ಒಂದೇ ಹೊತ್ತಿಗೆ ಬರುತ್ತವೆಂದು ಇದರಿಂದ ಸಿದ್ಧವಾಗುತ್ತದೆ. ‘ಮೆನು’ ಎಂಬ ಗುಂಡಿ ಗರ್ಭಗುಡಿಯ ಶಾಸನದ ಹಾಗೆ ಯಾರ ಕೈಯೂ ಸೋಕದೆ ಉಳಿದಿದೆ. ‘ಸೋರ್ಸ್’ ಗುಂಡಿಯನ್ನು ಒತ್ತಬಾರದೆಂದು ವಿಧಿನಿಷೇಧವಿದೆ. ಹಬ್ಬಕ್ಕೆ ಬಂದ ಷಡ್ಡಕನ ಮಗು ಒಮ್ಮೆ ಒತ್ತಿ, ಪರದೆಯ ಮೇಲೆ ‘ನೋ ಸಿಗ್ನಲ್’ ಬಂದು, ನಮ್ಮ ಮಗ ಟ್ಯೂಷನ್ನಿನಿಂದ ಮರಳುವವರೆಗೆ ಮನೆಯಲ್ಲಿ ಸೂತಕ ಕವಿದಿತ್ತು.

ರಿಮೋಟಿಗೆ ಹೊಡೆಯುವ ಪದ್ಧತಿಯ ಬಗ್ಗೆ ಭಿನ್ನಮತಗಳಿವೆ. ಹೊಡೆದರೆ ಬುದ್ಧಿ ಬರುತ್ತದೆ ಎಂದು ನಮ್ಮತ್ತೆಯ ಮತ. ಅದು ಮೂಢನಂಬಿಕೆ ಎಂದು ಮಗನ ಮತ. ಪರಿಶೀಲಿಸಿದರೆ ನಮ್ಮತ್ತೆಯದೇ ಸರಿ, ಕಾರಣ ಮಾತ್ರ ಬೇರೆ. ಸೆಲ್ಲಿನ ತುದಿಗೂ ಸ್ಪ್ರಿಂಗಿಗೂ ನಡುವೆ ತೆಳ್ಳಗೆ ಕಿಲುಬು ಕಟ್ಟಿರುತ್ತದೆ. ಅಂಗೈಗೆ ಎರಡು ಬಾರಿ ಬಡಿದಾಗ ಸೆಲ್ಲು ಚೂರು ಹೊರಳಿ ಕಿಲುಬು ಕೆರೆದುಹೋಗುತ್ತದೆ, ಕರೆಂಟು ಹರಿಯುತ್ತದೆ. ಬಡಿದರೂ ಕೇಳದಿದ್ದರೆ ಬಿಚ್ಚಬೇಕು. ಒಳಗಿರುವುದು ಅಂಗೈಯಗಲದ ರಬ್ಬರ್ ಹಾಳೆ, ಅದರ ಬೆನ್ನಿಗೆ ಗುಂಡಿಗೊಂದರಂತೆ ಕಪ್ಪು ಕಾರ್ಬನ್ ಚುಕ್ಕೆ, ಕೆಳಗೊಂದು ಹಸಿರು ಬೋರ್ಡು. ನಮ್ಮದರಲ್ಲಿ ಸದ್ದಿನ ಗುಂಡಿಯ ಕೆಳಗೆ ಹಳದಿ ಜಿಡ್ಡು ಹರಡಿತ್ತು. ಮೂಸಿ ನೋಡಿದಾಗ ಮೆಣಸಿನಕಾಯಿ ಬಜ್ಜಿ ಎಂದು ನಿರ್ಧಾರವಾಯಿತು. ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿದ ಮೇಲೆ ಸರಿಹೋಯಿತು. ಸಂಶಯ ಉಳಿದರೆ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಅವಗೆಂಪು ಬೆಳಕು ಬಹುಪಾಲು ಫೋನುಗಳಲ್ಲಿ ನೇರಳೆಯಾಗಿ ಮಿನುಗುತ್ತದೆ. ಮಿನುಗಿದರೆ ತಪ್ಪು ಪೆಟ್ಟಿಗೆಯದು. ಈ ಜ್ಞಾನವನ್ನು ನಾನು ರಿಪೇರಿ ಅಂಗಡಿಯವನ ಮುಂದೆ ಪ್ರದರ್ಶಿಸಿದೆ. ಅವನು ತಲೆಯೆತ್ತದೆ, “ರಿಪೇರಿ ಯಾಕ್ ಸಾರ್, ಹೊಸ್ದು ನೂರೈವತ್ತು ರೂಪಾಯಿ” ಎಂದ.

ರಸಪ್ರಕರಣ

ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ರಸ ಹೇಳಿದ. ಆಮೇಲಿನವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಹತ್ತನೆಯದನ್ನು ನಾನು ಪ್ರತಿಪಾದಿಸುತ್ತಿದ್ದೇನೆ: ಬಫರಿಂಗ್. ಇದಕ್ಕೆ ಸ್ಥಾಯಿಭಾವ ಕಾಯುವಿಕೆ. ವಿಭಾವ, ಪರದೆಯ ನಡುವೆ ತಿರುಗುವ ಉಂಗುರ. ಅನುಭಾವ, ಎದ್ದುಹೋಗಿ ರೂಟರ್ ಆರಿಸಿ ಹತ್ತಿಸುವುದು. ವ್ಯಭಿಚಾರಿಭಾವಗಳು ಮೂವತ್ತಮೂರೂ ಒಟ್ಟಿಗೇ ಬರುತ್ತವೆ, ಕೊನೆಯ ಓವರಿನಲ್ಲಿ ಆರ್‌ಸಿಬಿಗೆ ಹತ್ತು ರನ್ ಬೇಕಿದ್ದರೆ. ಪಕ್ಕದ ಮನೆಯಲ್ಲಿ ಕೇಬಲಿದೆ, ನಮ್ಮಲ್ಲಿ ಆ್ಯಪು. ಅವರ ಮನೆಯ “ಹೋ!” ಮೊದಲು ಕೇಳಿಸುತ್ತದೆ, ಸಿಕ್ಸರು ನಮಗೆ ಆಮೇಲೆ ಕಾಣುತ್ತದೆ. ಕಾರ್ಯ ಮೊದಲು, ಕಾರಣ ಹಿಂದಿನಿಂದ! ನೈಯಾಯಿಕರು ಇದಕ್ಕೇನು ಹೇಳುತ್ತಿದ್ದರೋ. ನಾನಂತೂ ಇದನ್ನು ಪ್ರಗತಿ ಎಂದು ಒಪ್ಪುವುದಿಲ್ಲ.

ಧಾರಾವಾಹಿಗಳು ರಸವನ್ನು ಮುಕ್ಕಾಗದಂತೆ ಬಡಿಸುತ್ತವೆ. ಒಂದು ಕಪಾಳಮೋಕ್ಷವನ್ನು ಮೂರು ಸಲ ತೋರಿಸಿ, ಅಲ್ಲಿ ನಿಂತ ಅಷ್ಟೂ ಜನರ ಮುಖಕ್ಕೆ ಕ್ಯಾಮೆರಾ ಹೋಗಿ ಬಂದು, ಸಿಡಿಲು ಬಡಿದು, ‘ಮುಂದುವರಿಯುವುದು’. ಇದನ್ನು ಬೈಯುವುದು ಸುಲಭ. ಆದರೆ ನಮ್ಮತ್ತೆಯ ವಾದವನ್ನು ದಾಖಲಿಸಬೇಕು: “ಒಂದ್ಸಲ ತೋರ್ಸಿದ್ರೆ ಒಗ್ಗರಣೆ ಹಾಕಿ ಬರೋದ್ರಲ್ಲಿ ತಪ್ಪೋಗತ್ತೆ.” ಎರಡನೆಯ ಕಪಾಳಮೋಕ್ಷಕ್ಕೆ ಬಂದು ಕೂತರೂ ಕಥೆ ತಪ್ಪದಂತೆ ಕಟ್ಟಿದ ಈ ಶಿಲ್ಪವನ್ನು ವೆಬ್ ಸರಣಿಗಳು ಕಲಿಯಬೇಕು. ಅವುಗಳಲ್ಲಿ ಎಂಟು ಕಂತಿನ ಕಥೆಯಲ್ಲಿ ಮೂರು ಕಂತು ಒಬ್ಬ ಪೊಲೀಸ್ ಅಧಿಕಾರಿ ಮಳೆಯಲ್ಲಿ ಸಿಗರೇಟು ಸೇದುತ್ತಾನೆ.

ಮತ್ತು ಕತ್ತಲು! 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಮಹಾಯುದ್ಧದ ಕಂತು ಎಷ್ಟು ಕತ್ತಲಾಗಿತ್ತೆಂದರೆ ಯಾರು ಸತ್ತರೆಂದು ಜಗತ್ತಿನಾದ್ಯಂತ ಜನಕ್ಕೆ ಕಾಣಲಿಲ್ಲ. ಜನ ಟಿ.ವಿ.ಯನ್ನು ಸರಿಯಾಗಿ ಹೊಂದಿಸಿಕೊಂಡಿಲ್ಲ ಎಂಬ ಅರ್ಥದ ಸಮರ್ಥನೆ ಅದರ ಛಾಯಾಗ್ರಾಹಕರಿಂದ ಬಂತು. ಅಡುಗೆಯವನು ನಿಮ್ಮ ನಾಲಿಗೆ ಸರಿಯಿಲ್ಲ ಎಂದರೆ ನಾವು ಸುಮ್ಮನಿರುತ್ತೇವೆಯೆ?

ಹೊಂದಿಸುವುದೂ ಅಷ್ಟು ಸುಲಭವಲ್ಲ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ. ಹೊಸ ಟಿ.ವಿ.ಗಳು ನಡುನಡುವೆ ತಾವೇ ಊಹಿಸಿದ ಚಿತ್ರಗಳನ್ನು ತುರುಕಿ ಚಲನೆಯನ್ನು ನುಣುಪು ಮಾಡುತ್ತವೆ. ಪಂಡಿತರು ಇಂಥದ್ದನ್ನು ಪ್ರಕ್ಷಿಪ್ತ ಎನ್ನುತ್ತಾರೆ. ಅಂಗಡಿಯವರು ಸೌಲಭ್ಯ ಎನ್ನುತ್ತಾರೆ. ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರ ಮಧ್ಯಾಹ್ನದ ಧಾರಾವಾಹಿಯಂತೆ ಕಾಣುತ್ತದೆ. ಇದನ್ನು ಆರಿಸಿಡಿ ಎಂದು ಬೇಡಿಕೊಳ್ಳಲು 2018ರಲ್ಲಿ ಟಾಮ್ ಕ್ರೂಸ್ ವಿಮಾನದ ಸಿನಿಮಾದ ಚಿತ್ರೀಕರಣದ ನಡುವೆ ಬಿಡುವು ಮಾಡಿಕೊಂಡು, ತಮ್ಮ ಇನ್ನೊಂದು ಸಿನಿಮಾದ ನಿರ್ದೇಶಕರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ವಿಡಿಯೊ ಮಾಡಬೇಕಾಯಿತು. ಅಂಥವರ ಮಾತೇ ನಡೆಯಲಿಲ್ಲ. ಆರಿಸುವ ಆಯ್ಕೆ ಇಂದಿಗೂ ಮೆನುವಿನ ನಾಲ್ಕನೆಯ ಒಳಕೋಣೆಯಲ್ಲಿ, ಕಂಪನಿಗೊಂದು ಗುಪ್ತನಾಮದಲ್ಲಿ ತಲೆಮರೆಸಿಕೊಂಡಿದೆ.

ಲಕ್ಷಣಪ್ರಕರಣ

ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳಿರುವಂತೆ ಪ್ಯಾನ್ ಇಂಡಿಯಾ ಚಿತ್ರಕ್ಕೂ ಇವೆ. ಹದಿನೆಂಟೂ ನಾಯಕನ ಪ್ರವೇಶದಲ್ಲೇ ಮುಗಿಯುತ್ತವೆ. ಮೊದಲು ಪಾದ, ಆಮೇಲೆ ಪಾದದ ಧೂಳು, ಆಮೇಲೆ ಬೆನ್ನು, ಹೊಗೆ, ಗಡ್ಡ, ಕಡೆಗೆ ಮುಖ. ಮನುಷ್ಯರನ್ನು ತಲೆಯಿಂದ ಪಾದಕ್ಕೂ ದೇವತೆಗಳನ್ನು ಪಾದದಿಂದ ತಲೆಗೂ ವರ್ಣಿಸಬೇಕೆಂಬುದು ಹಳೆಯ ಕವಿಸಮಯ. ನಮ್ಮ ನಾಯಕರು ಯಾವ ಪಂಗಡವೆಂದು ನಿರ್ದೇಶಕರು ಮೊದಲೇ ತೀರ್ಮಾನಿಸಿರುತ್ತಾರೆ.

ಅಧ್ಯಾಯಗಳ ಕ್ರಮವೂ ವಿಚಾರಾರ್ಹ. ‘ಕೆ.ಜಿ.ಎಫ್’ನ ಒಂದನೆಯ ಅಧ್ಯಾಯ 2018ರಲ್ಲಿ, ಎರಡನೆಯದು 2022ರಲ್ಲಿ ಬಂದವು. ಇಲ್ಲಿಯವರೆಗೆ ಗಣಿತ ಸರಿ. ‘ಕಾಂತಾರ’ 2022ರಲ್ಲಿ ಬಂತು, ಅದರ ‘ಚಾಪ್ಟರ್ 1’ 2025ರಲ್ಲಿ. “ಹಾಗಿದ್ರೆ ನಾವು ಮೊದಲು ನೋಡಿದ್ದು ಎಷ್ಟನೇದು?” ಎಂದು ನಮ್ಮತ್ತೆ ಕೇಳಿದರು. ಪುಸ್ತಕ ಮುಗಿದ ಮೇಲೆ ಪೀಠಿಕೆ ಬರೆಯುವುದು ವಿದ್ವಾಂಸರಲ್ಲೂ ರೂಢಿ ಇರುವುದರಿಂದ ಪ್ರಬಂಧಕಾರನಿಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಸದ್ದಿಗೆ. ಹಿನ್ನೆಲೆ ಸಂಗೀತ ಮುನ್ನೆಲೆಗೆ ಬಂದು ಕೂತಿದೆ. ಜೊತೆಗೆ ಟಿ.ವಿ.ಗಳು ತೆಳ್ಳಗಾಗಿ ಸ್ಪೀಕರುಗಳು ಬೆನ್ನಿಗೋ ಹೊಟ್ಟೆಯಡಿಗೋ ಹೋಗಿವೆ. ಸಂಭಾಷಣೆ ಗೋಡೆಗೆ ಕೇಳಿಸುತ್ತದೆ, ನಮಗಲ್ಲ. ಕನ್ನಡ ಚಿತ್ರವನ್ನು ಕನ್ನಡಿಗರು ಇಂಗ್ಲಿಷ್ ಸಬ್‌ಟೈಟಲ್ ಓದಿ ಅರ್ಥಮಾಡಿಕೊಳ್ಳುವ ದಿನ ಬಂದಿದೆ. ಪರಿಹಾರಕ್ಕೆ ಸೌಂಡ್‌ಬಾರ್ ಕೊಳ್ಳಿ ಎನ್ನುತ್ತಾರೆ. ಅದಕ್ಕೆ ಮೂರನೆಯ ರಿಮೋಟು ಬರುತ್ತದೆ.

ರಿಯಾಲಿಟಿ ಶೋ ಪ್ರಕರಣ

ಈ ಪ್ರಕರಣ ಬರೆಯುವ ಹೊತ್ತಿಗೆ ಮನೆಯಲ್ಲಿ ಅದೇ ನಡೆಯುತ್ತಿದ್ದುದರಿಂದ ಗ್ರಂಥಪಾತವಾಗಿದೆ.

ವಾಕ್ ಪ್ರಕರಣ

ಈಚೆಗೆ ಗುಂಡಿಯೂ ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂಬ ರಿಮೋಟು ಬಂದಿದೆ. ಮೈಕಿನ ಚಿತ್ರವಿರುವ ಗುಂಡಿ ಒತ್ತಿ ಹಿಡಿದು ಆಜ್ಞೆ ಮಾಡಬೇಕು. ಪೂರ್ವಪಕ್ಷಿಗಳು ಇದನ್ನೇ ದೊಡ್ಡ ಪ್ರಮಾಣವಾಗಿ ಮುಂದಿಡುತ್ತಾರೆ: ನೋಡಿ, ಅಧಿಕಾರ ಮರಳಿ ಪ್ರೇಕ್ಷಕನಿಗೇ ಬಂತು! ಪ್ರಯೋಗ ಮಾಡಲಾಯಿತು. ಆಜ್ಞೆ ಮಾಡುವುದು ನಮ್ಮತ್ತೆಯ ಜಾಯಮಾನವಲ್ಲ. ರಿಮೋಟನ್ನು ಬಾಯಿಯ ಹತ್ತಿರ ಹಿಡಿದು, ಮನೆಗೆ ಬಂದ ಹುಡುಗನಿಗೆ ಹೇಳುವಂತೆ, “ಸ್ವಲ್ಪ ಚಂದನ ಹಾಕಪ್ಪ, ಪುಣ್ಯ ಬರ್ಲಿ” ಎಂದರು.

ಟಿ.ವಿ. ಯೋಚಿಸಿತು. ಉಂಗುರ ತಿರುಗಿತು. ದೂರದರ್ಶನ ಚಂದನದ ಬದಲು ಶ್ರೀಗಂಧದ ಸಸಿ ನೆಟ್ಟು ಕೋಟಿ ಗಳಿಸುವುದು ಹೇಗೆಂಬ ವಿಡಿಯೊ ಬಂತು, ಅದಕ್ಕೆ ಮುನ್ನ ಎರಡು ಜಾಹೀರಾತು. ನಾನು ಬದಲಾಯಿಸಲು ಕೈಚಾಚಿದೆ. ಅವರು ಬಿಡಲಿಲ್ಲ, ಪೂರ್ತಿ ನೋಡಿದರು, ಅದಾದ ಮೇಲೆ ತಾನಾಗಿ ಶುರುವಾದ ಇನ್ನೆರಡನ್ನೂ ನೋಡಿದರು. ಊಟಕ್ಕೆ ಕೂತಾಗ ಮಾತು ತೆಗೆದರು.

“ಅಳಿಯಂದ್ರೆ, ಗಂಧದ ಮರ ಈಗ ಸರ್ಕಾರದ್ದಲ್ವಂತೆ. ಬೆಳೆದೋರದ್ದೇ ಅಂತೆ.”

2001ರ ಕಾನೂನು ತಿದ್ದುಪಡಿಯಿಂದ ಹಾಗಾಗಿದೆ ಎಂದೆ.

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀವು? ಪಕ್ಕದಲ್ಲಿ ತೊಗರಿ ಹಾಕ್ಬೇಕಂತೆ, ಅದರ ಬೇರಿಗೆ ಬೇರು ಕೊಟ್ಕೊಂಡು ಏಳತ್ತಂತೆ. ತೆಂಗಿನ ತೋಟದ ಬದುವಿನಲ್ಲಿ ಎಷ್ಟು ಗಿಡ ಕೂರತ್ತೆ, ಒಂಚೂರು ಲೆಕ್ಕ ಹಾಕಿ ನೋಡೋಣ.”