ಬಿಸಿಲಿಗೊಂದು ಶಿಫಾರಸು ಪತ್ರ

ಶಿವರಾತ್ರಿಯಿಂದ ಯುಗಾದಿವರೆಗಿನ ದಾವಣಗೆರೆಯ ಬಿಸಿಲಿನ ಬಗ್ಗೆ ಯಾರಾದರೂ ಒಂದೊಳ್ಳೆಯ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಹಾಲಿನವನಿಂದ ಹಿಡಿದು ರಾತ್ರಿ ಪಾಳಿಯ ವಾಚ್‌ಮನ್‌ವರೆಗೆ ಎಲ್ಲರದ್ದೂ "ಏನ್ ಬಿಸ್ಲಪ್ಪಾ" ಎಂದೇ ಶುರು. ರಾತ್ರಿ ಹತ್ತಕ್ಕೆ ಎಲ್ಲಿಯ ಬಿಸಿಲು? ಆದರೆ ಬಳ್ಳಾರಿಯ ಬೀಗರು ಬಂದು ಕೂತರೆ ನಮ್ಮ ವರಸೆಯೇ ಬೇರೆ. "ನಮ್ಮಲ್ಲೂ ಈ ಸಲ 37 ಮುಟ್ಟೇತ್ರೀ" ಎಂದು ಎದೆಯುಬ್ಬಿಸುತ್ತೇವೆ. ಅವರು ನಕ್ಕು, "ಹೌದಾ? ಸ್ವೆಟರ್ ತರಬೇಕಿತ್ತೇನೋ" ಅನ್ನುತ್ತಾರೆ.

ನಮ್ಮ ಬಿಸಿಲಿನ ಮರ್ಯಾದೆ ಗೊತ್ತಾಗಬೇಕಾದರೆ ಕರಾವಳಿಯಿಂದ ನೆಂಟರು ಬರಬೇಕು. ಮಂಗಳೂರಿನ ನನ್ನ ಭಾವಮೈದ ಕಳೆದ ಮಾರ್ಚ್‌ನಲ್ಲಿ ಬಂದವನು ಮಧ್ಯಾಹ್ನ ಗಾಬರಿಯಾಗಿ, "ಭಾವ, ನನಗೆ ಬೆವರೇ ಬರುವುದಿಲ್ಲ ಮಾರಾಯ್ರೆ, ಡಾಕ್ಟ್ರಿಗೆ ತೋರಿಸುವುದಾ?" ಎಂದ. ಬೆವರು ಬಂದಿರುತ್ತದಪ್ಪಾ, ನಿನ್ನ ಕಣ್ಣಿಗೆ ಬೀಳುವ ಮೊದಲೇ ನಮ್ಮ ಒಣಗಾಳಿ ಕುಡಿದುಬಿಟ್ಟಿರುತ್ತದೆ ಎಂದೆ. ಸ್ನಾನ ಮಾಡಿ ಹರವಿದ ಅವನ ಪಂಚೆ ಉಪ್ಪಿಟ್ಟು ಮುಗಿಯುವುದರೊಳಗೆ ಗರಿಗರಿಯಾಗಿತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿದ. ಮಳೆಗಾಲದಲ್ಲಿ ಬಟ್ಟೆಯನ್ನು ಮನೆಯೊಳಗೇ ನೇತುಹಾಕಿ ದಿನಗಟ್ಟಲೆ ಕಾಯುವವರಿಗೆ ಇದು ಪವಾಡವೇ.

ಇಲ್ಲಿ ಬಿಸಿಲು ಸಂಬಳವಿಲ್ಲದ ನೌಕರ. ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ನೋಡಿ. ಭತ್ತ ನೆನೆಸಿ, ಬೇಯಿಸಿ, ಕಣದಲ್ಲಿ ಹರವುತ್ತಾರೆ. ಒಣಗಿದ ಮೇಲೆ ಅಕ್ಕಿ ಮಾಡಿಸಿ, ಉಪ್ಪುನೀರು ಸವರಿ, ಕಾದ ಮರಳಿಗೆ ಹಾಕಿದರೆ ಚಟಚಟನೆ ಅರಳುತ್ತದೆ. ಬೆಣ್ಣೆದೋಸೆಗೆ ಸಿಕ್ಕ ಹೆಸರು ಇದಕ್ಕೂ ಸಿಗಬೇಕಿತ್ತು ಅನ್ನುವುದು ನನ್ನ ಪಕ್ಷಪಾತ. ಸಂಜೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಬಿಸಿಲನ್ನು ಬಯ್ಯುವವರಿಗೆ ತಾವು ಮುಕ್ಕುತ್ತಿರುವುದರಲ್ಲಿ ಅದರ ಪಾಲೆಷ್ಟು ಎಂಬುದು ಹೊಳೆಯುವುದೇ ಇಲ್ಲ.

ನನ್ನ ಪಾಲಿನ ಬಿಸಿಲು ಮಾತ್ರ ಮಾಳಿಗೆಯ ಮೇಲಿನದು. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಸಿಕ್ಕ ಹುದ್ದೆ ಸಂಡಿಗೆ ಕಾಯುವುದು. ಹಳೇ ಸೀರೆಯ ಮೇಲೆ ಸಬ್ಬಕ್ಕಿ ಸಂಡಿಗೆ, ಪಕ್ಕದಲ್ಲಿ ಕೊಡೆ, ಕೈಯಲ್ಲಿ ಕೋಲು, ಎದುರಿಗೆ ಕಾಗೆ. ಸಂಡಿಗೆಯ ನಿಜವಾದ ರುಚಿ ಎಣ್ಣೆಯಲ್ಲಿಲ್ಲ. ಮೇಲೆ ಒಣಗಿ ಒಳಗಿನ್ನೂ ಮೆತ್ತಗಿರುವ ಮೊದಲ ದಿನದ ಮಧ್ಯಾಹ್ನದಲ್ಲಿದೆ. ಈ ವಿಷಯದಲ್ಲಿ ಕಾಗೆಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಸಂಜೆ ಲೆಕ್ಕ ತಪ್ಪಿದಾಗ ಮನೆಯವಳು ಕೇಳುತ್ತಾಳೆ, ನಾನು ಆಕಾಶದ ಕಡೆ ಕೈ ತೋರಿಸುತ್ತೇನೆ. ಕಾಗೆ ಬಾಯಿಬಿಟ್ಟು ಪ್ರತಿಭಟಿಸುತ್ತದೆ, ಆದರೆ ಅದರ ಭಾಷೆ ಅವಳಿಗೆ ತಿಳಿಯದು.

ನನ್ನ ಶಿಫಾರಸು ಯುಗಾದಿವರೆಗೆ ಮಾತ್ರ ಊರ್ಜಿತ. ಬೇವು ಹೂಬಿಟ್ಟು, ಹೊಂಗೆ ಚಿಗುರಿ ನೆರಳು ಕೊಡುವಷ್ಟು ದಿನ ಸರಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೇ ನಿಂತು, ಒಂದು ಮಧ್ಯಾಹ್ನ ನಮ್ಮ ನೆರಳೂ ಕಾಲಡಿಗೆ ನುಗ್ಗುತ್ತದೆ. ಆಮೇಲಿನದಕ್ಕೆ ನಾನು ಜವಾಬ್ದಾರನಲ್ಲ. ಇಂಥ ಊರಿನಲ್ಲಿ ಕುಂದವಾಡ ಕೆರೆಯ ಬಳಿ ಗಾಜಿನ ಮನೆ ಕಟ್ಟಿದ್ದೇವೆ ನೋಡಿ, ನಮ್ಮ ಧೈರ್ಯಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಭಾವಮೈದ ಹೊರಡುವಾಗ ದೊಡ್ಡ ಚೀಲ ಮಂಡಕ್ಕಿ ಹೊತ್ತುಕೊಂಡು ಹೋದ. ಊರು ತಲುಪಿದ ಎರಡೇ ದಿನಕ್ಕೆ ಫೋನ್ ಬಂತು:

"ಭಾವ, ಮಂಡಕ್ಕಿ ಎಲ್ಲ ಮೆತ್ತಗಾಯಿತಲ್ಲ! ಏನು ಮಾಡುವುದು?"

"ವಾಪಸ್ ತಗೊಂಡ್ ಬಾರಪ್ಪಾ, ಒಣಗಿಸಿ ಕೊಡ್ತೀನಿ. ಹ್ಯಾಗೂ ಮಾಳಿಗೆ ಮೇಲೇ ಇರ್ತೀನಿ."